ನಮ್ಮ ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ಏನಾಗಿದೆ? (ನಿನ್ನೆಯ ಪಂದ್ಯ ನೋಡಿ ಹೊಟ್ಟೆ ಉರಿದು ಬರೆದದ್ದು)

ಹಳೇ ಜೆರ್ಸಿ 7

ನಿನ್ನೆ ಅರ್ಧ ದಿನ ರಜೆ ಹಾಕಿ ಹಾಸನಕ್ಕೆ ಬಂದು ನಮ್ಮ ಹುಡುಗರ ಪಂದ್ಯ ನೋಡಿದೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಇಲ್ಲಿರುವ ಅರ್ಧ ಜನ ಅಲ್ಲೇ ಓದಿದವರು, ಗೊತ್ತಾಗುತ್ತೆ. ಎದುರಾಳಿಗಳ ಹೊಸ ಕೋರ್ಟ್‌ನಲ್ಲಿ ಪಂದ್ಯ. 47-56. ಸೋತೆವು. ಈ ವರ್ಷ ಸತತ ಐದನೇ ಸೋಲು.

ಸೋತಿದ್ದಕ್ಕೆ ಬೇಜಾರಿಲ್ಲ, ನಾವೂ ಬೇಕಾದಷ್ಟು ಸೋತಿದ್ದೇವೆ. ಸೋತ ರೀತಿ ನೋಡಿ ಹೊಟ್ಟೆ ಉರಿಯಿತು.

ಮೊದಲು ರಿಬೌಂಡ್, ಅಂದರೆ ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು. ಎದುರಾಳಿ ಶಾಟ್ ಹೊಡೆದ ತಕ್ಷಣ ನಮ್ಮ ಐದೂ ಜನ ತಲೆ ಎತ್ತಿ ನಿಲ್ಲುತ್ತಾರೆ, ಜಾತ್ರೆಯಲ್ಲಿ ಬಾಣಬಿರುಸು ನೋಡುವ ಹಾಗೆ. ಪಕ್ಕದವನಿಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಅವನು ಒಳಗೆ ನುಗ್ಗದ ಹಾಗೆ ಜಾಗ ಹಿಡಿಯಬೇಕು ಅನ್ನುವುದು ಒಬ್ಬನಿಗೂ ನೆನಪಿಲ್ಲ. ಈ ಬಾಕ್ಸ್ ಔಟ್‌ಗೆ ಎತ್ತರ ಬೇಡ, ಹಟ ಸಾಕು. ಒಂದು ಸಲವಂತೂ ಅವರು ಒಂದೇ ಸರದಿಯಲ್ಲಿ ನಾಲ್ಕು ಶಾಟ್ ಹೊಡೆದರು. ನಾಲ್ಕನೆಯದು ಬಿತ್ತು. ಬೀಳದೆ ಏನು ಮಾಡುತ್ತೆ?

ಎರಡನೆಯದು ದಾಳಿ. ಆಟ ನಡೆಸಬೇಕಾದ ಪಾಯಿಂಟ್ ಗಾರ್ಡ್ ಚೆಂಡು ಕುಟ್ಟುತ್ತಾ ನಿಲ್ಲುತ್ತಾನೆ, ಉಳಿದ ನಾಲ್ವರು ಬಸ್ ಸ್ಟ್ಯಾಂಡ್‌ನಲ್ಲಿ ಬಸ್ ಕಾಯುವವರ ಹಾಗೆ ಕಾಯುತ್ತಾರೆ. ಎದುರಾಳಿಗೆ ಅಡ್ಡ ನಿಂತು ಸ್ಕ್ರೀನ್ ಹಾಕುವವರಿಲ್ಲ, ಓಡುವವರಿಲ್ಲ. ಟೇಬಲ್‌ನವರು 'ಹತ್ತು, ಒಂಬತ್ತು' ಅಂತ ಕೂಗಲು ಶುರು ಮಾಡಿದ ಮೇಲೆ ಗಾಬರಿಯಾಗಿ ಒಂದು ಶಾಟ್ ಎಸೆಯುತ್ತಾರೆ. ಶಾಟ್ ಹೊಡೆಯಲು 24 ಸೆಕೆಂಡ್ ಇರುವುದು ಕೊನೆಯ ನಾಲ್ಕರಲ್ಲಿ ಆಡುವುದಕ್ಕಲ್ಲ.

ಮೂರನೆಯದು ಫ್ರೀ ಥ್ರೋ, ಎದುರಾಳಿ ಫೌಲ್ ಮಾಡಿದಾಗ ಸಿಗುವ ಒಂದೊಂದು ಪಾಯಿಂಟ್‌ನ ಶಾಟ್. ಚೀಟಿಯ ಮೇಲೆ ಗೆರೆ ಹಾಕಿ ಎಣಿಸಿದೆ. ಸಿಕ್ಕಿದ್ದು 19, ಬಿದ್ದಿದ್ದು 6. ತಪ್ಪಿದ್ದು 13, ಸೋತಿದ್ದು 9ರಿಂದ. ಯಾರೂ ಅಡ್ಡ ಬರುವುದಿಲ್ಲ, ಕೈ ಹಿಡಿಯುವುದಿಲ್ಲ, ಐದು ಸೆಕೆಂಡ್ ಸಮಯ ಇದೆ. ಆದರೂ ಬಹಳಷ್ಟು ಶಾಟ್ ರಿಂಗ್‌ನ ಮುಂದಿನ ಅಂಚಿಗೆ ಬಡಿದು ವಾಪಸ್ ಬಂದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ.

ಇನ್ನು ರೆಫರಿ. ಅವರ ಉದ್ದನೆಯ ಹುಡುಗ ಸ್ಪಷ್ಟವಾಗಿ ಮೂರು ಹೆಜ್ಜೆ ಹಾಕಿ ರಿಂಗ್ ಪಕ್ಕದಿಂದ ಲೇಅಪ್ ಹೊಡೆದ. ಸೀಟಿಯೇ ಇಲ್ಲ.

ಹೇಳಿ, ನಾನು ಒಬ್ಬನೇ ಹೀಗೆ ತಲೆ ಕೆಡಿಸಿಕೊಂಡಿದ್ದೀನಾ?

ಎನ್.ಆರ್. ಸರ್ಕಲ್ ಹುಡುಗ

ಅಣ್ಣ, ನಮ್ಮ ತಂಡದ ಗೆಲುವು ಅಂದರೆ ಹಾಸನಾಂಬೆ ದರ್ಶನ ಇದ್ದ ಹಾಗೆ. ವರ್ಷಕ್ಕೆ ಒಂದೇ ಸಲ.

ಅರಸೀಕೆರೆ ತೆಂಗು

ಅಮ್ಮನ ಬಾಗಿಲಾದರೂ ಆಶ್ವಯುಜದಲ್ಲಿ ಗ್ಯಾರಂಟಿ ತೆಗೆಯುತ್ತೆ ಗುರು. ನಿಮ್ಮದು ಯಾವಾಗ?

ಸೀಟಿ ಮಾಮ

ನಿನ್ನೆಯ ಪಂದ್ಯಕ್ಕೆ ಸೀಟಿ ಊದಿದವನು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಮೂರು ಹೆಜ್ಜೆಯ ಮಾತು ಕೇಳಿ ಕೇಳಿ ಸಾಕಾಗಿದೆ. 2017ರಿಂದ ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ 'ಸೊನ್ನೆ ಹೆಜ್ಜೆ' ಇದೆ. ಓಡುತ್ತಾ ಚೆಂಡನ್ನು ಕೈಗೆ ತೆಗೆದುಕೊಳ್ಳುವಾಗ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಆಮೇಲೆ ಒಂದು, ಎರಡು. ನೋಡುವವರಿಗೆ ಮೂರು ಹೆಜ್ಜೆ ಅನ್ನಿಸುತ್ತದೆ, ನಿಯಮದ ಪ್ರಕಾರ ಎರಡೇ. ನಿಂತ ಜಾಗದಿಂದ ಶುರು ಮಾಡಿದರೆ ಈ ಸೊನ್ನೆ ಸಿಗುವುದಿಲ್ಲ. ನೀವು ಆಡುತ್ತಿದ್ದ ಕಾಲಕ್ಕೂ ಈಗಿನದಕ್ಕೂ ವ್ಯತ್ಯಾಸ ಇದೆ ಸ್ವಾಮಿ.

ಹಳೇ ಜೆರ್ಸಿ 7

ಸರಿ ಸರ್, ಒಪ್ಪಿದೆ. ಆ ಎರಡು ಪಾಯಿಂಟ್ ಅವರಿಗೇ ಇರಲಿ. ಉಳಿದ 54 ಹೇಗೆ ಕೊಟ್ಟರು ಕೇಳಿ.

ಗೆರೆ ಲೆಕ್ಕ

ಒಂದು ಸಣ್ಣ ತಕರಾರು. 'ತಪ್ಪಿದ್ದು 13, ಸೋತಿದ್ದು 9' ಅಂತ ನೇರವಾಗಿ ಕೂಡಿಸಿ ಕಳೆಯುವ ಹಾಗಿಲ್ಲ. ಎರಡು ಫ್ರೀ ಥ್ರೋ ಸಿಕ್ಕಾಗ ಎರಡನೆಯದು ತಪ್ಪಿದರೆ ಚೆಂಡು ಜೀವಂತ, ರಿಬೌಂಡ್ ನಮಗೂ ಸಿಗಬಹುದು. ಬಿದ್ದರೆ ಚೆಂಡು ಎದುರಾಳಿ ಕೈಗೆ ಹೋಗುತ್ತದೆ. ಆಮೇಲಿನ ಆಟವೇ ಬದಲಾಗುತ್ತದೆ. ಹದಿಮೂರೂ ಬಿದ್ದಿದ್ದರೆ 60-56 ಆಗುತ್ತಿತ್ತು ಅನ್ನುವುದು ತಪ್ಪು ಗಣಿತ.

ಎನ್.ಆರ್. ಸರ್ಕಲ್ ಹುಡುಗ

ಮೇಷ್ಟ್ರೇ, 'ರಿಬೌಂಡ್ ನಮಗೂ ಸಿಗಬಹುದು' ಅಂದಿರಲ್ಲ, ನಿನ್ನೆ ಪಂದ್ಯ ನೋಡಿಲ್ಲ ತಾನೇ?

ಗೆರೆ ಲೆಕ್ಕ

ನೋಡಿಲ್ಲ. ಆದರೆ ಗಣಿತ ಗಣಿತವೇ.

ಕಾಫಿ ಕಣ

ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನಿಮ್ಮ ತಂಡದ ಜೊತೆ ಎರಡು ಸಲ ಆಡಿದ್ದೇನೆ, ಒಮ್ಮೆ ಸೋತೆ, ಒಮ್ಮೆ ಗೆದ್ದೆ. ಹಾಗಾಗಿ ಮಾತಾಡಲು ಹಕ್ಕಿದೆ ಅಂದುಕೊಳ್ಳುತ್ತೇನೆ.

ನಾನು ಬಾಸ್ಕೆಟ್‌ಬಾಲ್ ಕಲಿತಿದ್ದು ಕಾಫಿ ಒಣಗಿಸುವ ಕಣದಲ್ಲಿ. ಅಪ್ಪ ಕೆಲಸ ಮಾಡುತ್ತಿದ್ದ ತೋಟದಲ್ಲಿ ದೊಡ್ಡ ಸಿಮೆಂಟ್ ಕಣ ಇತ್ತು. ಅದರ ಅಂಚಿನ ಸಿಲ್ವರ್ ಓಕ್ ಮರಕ್ಕೆ ಬಕೆಟ್‌ನ ಕಬ್ಬಿಣದ ಬಳೆ ಬಿಗಿದಿದ್ದೆವು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದ ತುಂಬಾ ಕಾಫಿ, ಕಾಲಿಡುವ ಹಾಗಿಲ್ಲ. ಜೂನ್ ಬಂದರೆ ಮಳೆ. ಇನ್ನು ಉಳಿದಿದ್ದು ಏಪ್ರಿಲ್, ಮೇ, ಮತ್ತೆ ಮಳೆ ಬಿಟ್ಟ ಮೇಲೆ ಒಂದೆರಡು ತಿಂಗಳು. ಅಷ್ಟರಲ್ಲಿ ಕಲಿತಿದ್ದು.

ಕಾಲೇಜಿಗೆ ಬಂದು ನಿಜವಾದ ರಿಂಗ್ ನೋಡಿದಾಗ ಅದು ಬಾವಿಯಷ್ಟು ಅಗಲ ಕಂಡಿತು. 45 ಸೆಂಟಿಮೀಟರ್ ಅಂತೆ! ನಮ್ಮ ಬಕೆಟ್ ಬಳೆ ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಿ. ನಿಮ್ಮ ಹುಡುಗರಿಗೂ ಒಂದು ತಿಂಗಳು ಬಕೆಟ್ ಬಳೆ ಕೊಡಿ. ಫ್ರೀ ಥ್ರೋ ತಾನಾಗಿ ಸರಿಹೋಗುತ್ತೆ ಮಾರಾಯ್ರೆ.

ಅರಸೀಕೆರೆ ತೆಂಗು

ಬಕೆಟ್ ಬಳೆಯಲ್ಲಿ ಬಾಸ್ಕೆಟ್‌ಬಾಲ್ ಹಿಡಿಸುತ್ತಾ? ಕತೆ ಹೊಡೆಯಬೇಡಿ.

ಕಾಫಿ ಕಣ

ನಾವು ಆಡುತ್ತಿದ್ದಿದ್ದು ವಾಲಿಬಾಲ್‌ನಲ್ಲಿ. ಅದೂ ಗಾಳಿ ಅರ್ಧ ಹೋದದ್ದು. ಬಾಸ್ಕೆಟ್‌ಬಾಲ್ ಕೈಯಲ್ಲಿ ಹಿಡಿದಿದ್ದೇ ಪಿಯುಸಿಯಲ್ಲಿ.

ಬೆಳಗಿನ ಜಾವ ಐದು

ನಾನು ಅಮೆರಿಕದ ಕಾಲೇಜು ಪಂದ್ಯ ನೋಡಲು ಐದಕ್ಕೆ ಅಲಾರಂ ಇಟ್ಟುಕೊಳ್ಳುವ ಹುಚ್ಚ. ಹಾಗಾಗಿ ಎರಡು ಮಾತು.

ಸೋತ ತಂಡದವರು ನೆನಪಿಡಿ: ಈ ಆಟ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಆಮೇಲೆ ಕಾನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆದರು. ಗೆದ್ದಿದ್ದು 55, ಸೋತಿದ್ದು 60. ಆ ತಂಡದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವ ಕೋಚ್ ಅವರೊಬ್ಬರೇ. ಆಟ ಹುಟ್ಟಿಸಿದವರದೇ ಈ ಗತಿ.

ಇನ್ನೊಂದು, 2018ರಲ್ಲಿ ಅಲ್ಲಿನ ಕಾಲೇಜು ಟೂರ್ನಿಯಲ್ಲಿ ಮೊದಲ ಶ್ರೇಯಾಂಕದ ವರ್ಜೀನಿಯಾ ತಂಡ ಹದಿನಾರನೇ ಶ್ರೇಯಾಂಕದ ಯು.ಎಂ.ಬಿ.ಸಿ. ಎದುರು 54-74ರಲ್ಲಿ ಸೋತಿತು. ಪುರುಷರ ಟೂರ್ನಿಯಲ್ಲಿ ಅದಕ್ಕೂ ಮೊದಲು ಹಾಗಾಗಿರಲೇ ಇಲ್ಲ. ಊರೆಲ್ಲಾ ನಕ್ಕಿತು. ಮುಂದಿನ ವರ್ಷ ಅದೇ ವರ್ಜೀನಿಯಾ ಚಾಂಪಿಯನ್ ಆಯಿತು.

ಹಳೇ ಜೆರ್ಸಿ 7

ವರ್ಜೀನಿಯಾದವರು ಬಾಕ್ಸ್ ಔಟ್ ಮಾಡುತ್ತಾರೆ ಅಲ್ವಾ?

ಬೆಳಗಿನ ಜಾವ ಐದು

ಮಾಡುತ್ತಾರೆ. ಅದೊಂದು ವಿಷಯದಲ್ಲಿ ನನ್ನ ವಕಾಲತ್ತು ನಡೆಯಲ್ಲ.

ರೈಡರ್

ಎತ್ತರದ ಹುಡುಗರು ಸಿಗುವುದಿಲ್ಲ ಅಂತ ಯಾರಾದರೂ ಬರೆಯುವ ಮೊದಲು ಹೇಳಿಬಿಡುತ್ತೇನೆ. ಸಿಗುತ್ತಾರೆ. ಎಲ್ಲರೂ ಹೊನಲು ಬೆಳಕಿನ ವಾಲಿಬಾಲ್‌ಗೆ, ಕಬಡ್ಡಿಗೆ ಹೋಗುತ್ತಾರೆ. ಅಲ್ಲಿ ಗೆದ್ದರೆ ನಗದು ಬಹುಮಾನ, ಊರಿನ ಹೆಸರು, ರಾತ್ರಿ ಬಾಡೂಟ. ನಿಮ್ಮಲ್ಲಿ ಏನು ಕೊಡುತ್ತೀರಿ? ಒಂದು ಬಾಳೆಹಣ್ಣು, ಒಂದು ಪ್ಯಾಕೆಟ್ ಗ್ಲೂಕೋಸ್. ನಾನೂ ಒಂದು ವರ್ಷ ಬಾಸ್ಕೆಟ್‌ಬಾಲ್ ಆಡಿ ಬಿಟ್ಟು ಹೋದವನು.

ಒಂದು ವಿಷಯ ಮಾತ್ರ ಕಬಡ್ಡಿಯವರಿಂದ ಕಲಿಯಿರಿ. ನಮ್ಮಲ್ಲಿ ಪಕ್ಕದವನ ಕೈ ಹಿಡಿದು ಚೈನ್ ಮಾಡಿ ನಿಲ್ಲುತ್ತೇವೆ. ಒಬ್ಬ ಸರಿದರೆ ಇನ್ನೊಬ್ಬ ಸರಿಯಲೇಬೇಕು. ನಿಮ್ಮವರು ಝೋನ್ ಹಾಕಿದಾಗ ಒಬ್ಬ ಹಾಸನದಲ್ಲಿ, ಒಬ್ಬ ಆಲೂರಿನಲ್ಲಿ, ಒಬ್ಬ ಬೇಲೂರಿನಲ್ಲಿ ನಿಂತಿರುತ್ತಾನೆ.

ಸೀಟಿ ಮಾಮ

ರೈಡರ್ ಹೇಳಿದ್ದು ಸರಿ. 2-3 ಝೋನ್ ಅಂದರೆ ಮುಂದೆ ಇಬ್ಬರು, ಹಿಂದೆ ಮೂವರು. ಕೇಳಲು ಸುಲಭ. ಕಾವಲಿಗೆ ಸಿಗುವುದು ಜಾಗ, ಆಟಗಾರ ಅಲ್ಲ. ಹಾಗಾಗಿ ಶಾಟ್ ಎದ್ದಾಗ 'ನಾನು ಯಾರಿಗೆ ಬೆನ್ನು ಕೊಡಬೇಕು' ಅನ್ನುವುದು ಗೊತ್ತಾಗುವುದಿಲ್ಲ. ಮ್ಯಾನ್ ಟು ಮ್ಯಾನ್‌ನಲ್ಲಿ ಆ ಗೊಂದಲ ಕಡಿಮೆ, ನಿನ್ನವನು ನಿನ್ನ ಮುಂದೆಯೇ ಇರುತ್ತಾನೆ. ಝೋನ್ ಆಡುವ ತಂಡ ರಿಬೌಂಡ್ ಬಿಟ್ಟುಕೊಡುವುದು ಹೊಸ ಕಾಯಿಲೆ ಏನಲ್ಲ. ಜೆರ್ಸಿ 7 ಅವರು ಹಟ ಇಲ್ಲ ಅನ್ನುತ್ತಿದ್ದಾರೆ. ನನ್ನ ಪ್ರಕಾರ ಮೊದಲು ರಕ್ಷಣೆಯ ಪದ್ಧತಿ ಬದಲಾಗಬೇಕು.

ಹಳೇ ಜೆರ್ಸಿ 7

ಸರ್, ಮ್ಯಾನ್ ಟು ಮ್ಯಾನ್ ಆಡಲು ದಮ್ಮು ಬೇಕು. ಮೂರನೇ ಕ್ವಾರ್ಟರ್‌ನಲ್ಲೇ ನಮ್ಮವರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಝೋನ್ ಹಾಕಿರುವುದೇ ಓಡುವುದು ತಪ್ಪಲಿ ಅಂತ. ಇದು ಬೇರೆ ಬರೆಯೋಣ ಅಂತ ಬಿಟ್ಟಿದ್ದೆ.

ಸಕಲೇಶಪುರ ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕೋರ್ಟ್ ಮೇಲೆ ಪಾಚಿ ಕಟ್ಟಿರುತ್ತದೆ. ಎಲ್ಲಿ ಓಡಬೇಕು ಆ ಹುಡುಗರು? ಮೇಲೆ ಸೂರಿಲ್ಲ. ದಮ್ಮು ಆಕಾಶದಿಂದ ಬೀಳುತ್ತಾ?

ಎನ್.ಆರ್. ಸರ್ಕಲ್ ಹುಡುಗ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸಕಲೇಶಪುರ ಮಳೆ

ಗಾದೆ ಹೇಳುವುದು ಸುಲಭ. ಪಾಚಿ ಮೇಲೆ ಒಂದು ಸಲ ಲೇಅಪ್ ಹೊಡೆದು ತೋರಿಸು, ಆಮೇಲೆ ಮಾತಾಡೋಣ.

ಕಾಫಿ ಕಣ

ಹಾಸನದ ಸೋನೆಗೆ ಮಳೆ ಅಂತೀರಾ? ನಮ್ಮ ಕಡೆ ಬನ್ನಿ, ಮಳೆ ಅಂದರೆ ಏನು ಅಂತ ತೋರಿಸುತ್ತೇವೆ.

ಸಕಲೇಶಪುರ ಮಳೆ

ನನ್ನ ಹೆಸರು ಓದಿ ಸ್ವಾಮಿ ಮೊದಲು.

ಆರನೇ ಸೈಜ್

ಇಷ್ಟು ಹೊತ್ತು ಎಲ್ಲರೂ 'ಹುಡುಗರು, ಹುಡುಗರು' ಅಂತಲೇ ಬರೆದಿದ್ದೀರಿ. ಅದೇ ಕಾಲೇಜಿನಲ್ಲಿ ಹುಡುಗಿಯರ ತಂಡವೂ ಇತ್ತು, ನಾನು ಮೂರು ವರ್ಷ ಆಡಿದ್ದೇನೆ. ಯಾರಿಗಾದರೂ ನೆನಪಿದೆಯಾ?

ಹುಡುಗರ ಅಭ್ಯಾಸ ಮುಗಿದ ಮೇಲೆ ನಮಗೆ ಕೋರ್ಟ್ ಸಿಗುತ್ತಿತ್ತು. ಅಷ್ಟರಲ್ಲಿ ಐದೂವರೆ. ಊರಿಗೆ ಹೋಗುವ ಬಸ್ ಆರು ಗಂಟೆಗೆ. ಅರ್ಧ ಗಂಟೆಯಲ್ಲಿ ಏನು ಕಲಿಯುವುದು? ಮಹಿಳೆಯರ ಪಂದ್ಯಕ್ಕೆ 6ನೇ ಸೈಜಿನ ಚೆಂಡು, ನಮಗೆ ಅಭ್ಯಾಸಕ್ಕೆ ಕೊಡುತ್ತಿದ್ದಿದ್ದು ಹುಡುಗರು ಬಿಟ್ಟ 7ನೇ ಸೈಜಿನದು. ಅದೂ ಮೇಲಿನ ಹರಳು ಸವೆದು ನುಣ್ಣಗಾದದ್ದು. ಪಂದ್ಯದ ದಿನ ಹೊಸ 6ನೇ ಸೈಜ್ ಕೈಗೆ ಬಂದರೆ ಮೊದಲ ಹತ್ತು ನಿಮಿಷ ಎಲ್ಲಾ ಶಾಟ್ ಬೋರ್ಡ್ ದಾಟಿ ಹೋಗುತ್ತಿತ್ತು. ಹಗುರ ಅಲ್ವಾ.

ಆದರೂ ನಾವು ಬಾಕ್ಸ್ ಔಟ್ ಮಾಡುತ್ತಿದ್ದೆವು, ಜೆರ್ಸಿ 7 ಅಣ್ಣ. ಅದಕ್ಕೆ ಚೆಂಡಿನ ಸೈಜ್ ಬೇಕಿಲ್ಲ. ಆ ವಿಷಯದಲ್ಲಿ ನಿಮ್ಮ ಕಡೆಯೇ ನಾನು.

ಹಳೇ ಜೆರ್ಸಿ 7

ತಪ್ಪಾಯಿತು ಅಕ್ಕ. ನಿಮ್ಮ ಪಂದ್ಯ ಒಂದು ನೋಡಿದ್ದೇನೆ. ಅದನ್ನು ಬರೆಯಲು ಹೊಳೆಯಲೇ ಇಲ್ಲ ನೋಡಿ.

ಆರನೇ ಸೈಜ್

ಒಂದು! ದೊಡ್ಡ ಮನಸ್ಸು.

ಬೆಂಚಿನ ಹುಡುಗ

ನಮಸ್ಕಾರ. ಹೆಸರು ಬೆಂಚಿನ ಹುಡುಗ ಅಂತ ಇಟ್ಟುಕೊಂಡಿದ್ದೇನೆ, ನಿನ್ನೆ ಬೆಂಚಿನ ಮೇಲಿರಲಿಲ್ಲ. ಆ ಹದಿಮೂರು ಫ್ರೀ ಥ್ರೋಗಳಲ್ಲಿ ಐದು ನನ್ನವು.

ರಾತ್ರಿ ಹಾಸ್ಟೆಲ್‌ನಲ್ಲಿ ಈ ಪುಟ ಎಲ್ಲರೂ ಓದಿದೆವು. ಬಾಣಬಿರುಸಿನ ಮಾತು ಓದಿ ರಿಂಗ್ ಕೆಳಗೆ ಆಡುವ ನಮ್ಮ ಸೆಂಟರ್ ಊಟ ಬಿಟ್ಟು ಎದ್ದು ಹೋದ. ಆಮೇಲೆ ಬಂದು ಎರಡು ಸಲ ಬಡಿಸಿಕೊಂಡ, ಅದು ಬೇರೆ ಮಾತು.

ರಿಬೌಂಡ್ ವಿಷಯ ಒಪ್ಪುತ್ತೇವೆ. ಆದರೆ ಫ್ರೀ ಥ್ರೋ ಅಭ್ಯಾಸ ಮಾಡುವುದಿಲ್ಲ ಅಂದರೆ ಬೇಜಾರಾಗುತ್ತದೆ ಅಣ್ಣ. ದಿನಾ ಬೆಳಿಗ್ಗೆ ಆರಕ್ಕೆ ಬಂದು ತಲಾ 50 ಹೊಡೆಯುತ್ತೇವೆ. ನಮ್ಮ ಕೋರ್ಟ್‌ನಲ್ಲಿ ಬೀಳುತ್ತವೆ. ನಾನು ಹತ್ತಕ್ಕೆ ಏಳು, ಎಂಟು ಹಾಕುತ್ತೇನೆ. ಹೊರಗೆ ಹೋದರೆ ಎಲ್ಲಾ ಮುಂದಿನ ರಿಮ್‌ಗೆ. ಯಾಕೆ ಅಂತ ನಮಗೂ ಗೊತ್ತಾಗುತ್ತಿಲ್ಲ. ಟೆನ್ಷನ್ ಅಂತ ಸರ್ ಹೇಳುತ್ತಾರೆ. ಇರಬಹುದು.

ಬೆಳಗಿನ ಜಾವ ಐದು

ಕಾಲು ಸುಸ್ತಾದರೆ ಶಾಟ್ ಗಿಡ್ಡ ಬೀಳುತ್ತದೆ. ಫ್ರೀ ಥ್ರೋಗೆ ಬಲ ಬರುವುದು ಮೊಣಕಾಲಿನಿಂದ. ಅಭ್ಯಾಸದಲ್ಲಿ ಆರಾಮಾಗಿ ನಿಂತು 50 ಹೊಡೆಯುತ್ತೀರಿ, ಪಂದ್ಯದಲ್ಲಿ ಓಡಿ ಓಡಿ ಬಂದು ಎರಡು ಹೊಡೆಯುತ್ತೀರಿ. ಎರಡು ಸುತ್ತು ಓಡಿ ಎರಡು ಹೊಡೆಯಿರಿ, ಮತ್ತೆ ಓಡಿ.

ಅದೂ ಆಗದಿದ್ದರೆ ಕೆಳಗಿನಿಂದ ಎರಡೂ ಕೈಯಲ್ಲಿ ಎಸೆಯಿರಿ, ಅಜ್ಜಿಯರ ಶಾಟ್. ನಗಬೇಡಿ. ಅಮೆರಿಕದ ರಿಕ್ ಬ್ಯಾರಿ ಜೀವನಪೂರ್ತಿ ಹಾಗೆ ಎಸೆದು ಆ ಕಾಲದ ಶ್ರೇಷ್ಠ ಫ್ರೀ ಥ್ರೋ ಆಟಗಾರ ಅನ್ನಿಸಿಕೊಂಡ. ವಿಲ್ಟ್ ಚೇಂಬರ್ಲೇನ್ 1962ರಲ್ಲಿ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದ ದಿನ 32 ಫ್ರೀ ಥ್ರೋಗಳಲ್ಲಿ 28 ಹಾಕಿದ, ಹಾಗೇ ಎಸೆದು. ಆಮೇಲೆ ನಾಚಿಕೆ ಅಂತ ಬಿಟ್ಟ. ಬಿಟ್ಟ ಮೇಲೆ ಮತ್ತೆ ಕೆಟ್ಟ.

ಬೆಂಚಿನ ಹುಡುಗ

ಅಣ್ಣ, ಅಜ್ಜಿ ಶಾಟ್ ಹೊಡೆದರೆ ಕ್ಯಾಂಟೀನ್ ಕಡೆ ಹೋಗುವ ಹಾಗಿರಲ್ಲ.

ಸೀಟಿ ಮಾಮ

ಒಂದು ನಿಮಿಷ. 'ನಮ್ಮ ಕೋರ್ಟ್‌ನಲ್ಲಿ ಬೀಳುತ್ತೆ, ಹೊರಗೆ ಎಲ್ಲಾ ಗಿಡ್ಡ'. ಒಬ್ಬನಿಗೆ ಹಾಗಾದರೆ ಟೆನ್ಷನ್. ಇಡೀ ತಂಡಕ್ಕೆ ಹಾಗಾದರೆ ಅನುಮಾನ ಬರುತ್ತದೆ. ತಮ್ಮಾ, ನಿಮ್ಮ ಕೋರ್ಟ್‌ದು ಒಂದು ಫೋಟೋ ಹಾಕು. ರಿಂಗ್ ಕೆಳಗಿನ ಬಣ್ಣದ ಚೌಕ ಪೂರ್ತಿ ಕಾಣಬೇಕು.

ಬೆಂಚಿನ ಹುಡುಗ

ಹಾಕಿದ್ದೇನೆ ಸರ್. ಪಾಚಿಗೆ ಕ್ಷಮೆ ಇರಲಿ.

ಸೀಟಿ ಮಾಮ

ಅಂದುಕೊಂಡೆ!

ಎಲ್ಲರೂ ಫೋಟೋ ನೋಡಿ. ರಿಂಗ್ ಕೆಳಗಿನ ಚೌಕ ಚೌಕವಾಗಿಲ್ಲ. ಫ್ರೀ ಥ್ರೋ ಗೆರೆ ಹತ್ತಿರ ಕಿರಿದು, ರಿಂಗ್ ಹಿಂದಿನ ಎಂಡ್ ಲೈನ್ ಹತ್ತಿರ ಅಗಲ. ಮೊರದ ಆಕಾರ. ಆ ಆಕಾರವನ್ನು ಫೀಬಾ 2010ರಲ್ಲಿ ತೆಗೆದುಹಾಕಿ ಆಯತ ಮಾಡಿತು. ಅದೇ ವರ್ಷ ಮೂರು ಪಾಯಿಂಟ್ ಗೆರೆಯನ್ನೂ 6.25 ಮೀಟರ್‌ನಿಂದ 6.75ಕ್ಕೆ ಹಿಂದೆ ಸರಿಸಿತು. ಅಂದರೆ ನಿಮ್ಮ ಗೆರೆಗಳು ಹಳೇ ಅಳತೆಯವು. ಆಮೇಲೆ ಪ್ರತಿ ಸಲ ಹಳೇ ಗೆರೆ ಮೇಲೇ ಬಣ್ಣ ಬಳಿದಿದ್ದಾರೆ.

ನಿಮ್ಮ ಹುಡುಗರು ದಿನಾ ಅರ್ಧ ಮೀಟರ್ ಹತ್ತಿರದಿಂದ ತ್ರೀ ಹೊಡೆದು ಅಭ್ಯಾಸ ಮಾಡುತ್ತಿದ್ದಾರೆ.

ಗೆರೆ ಲೆಕ್ಕ

ಆದರೆ ಸರ್, 2010ರಲ್ಲಿ ಫ್ರೀ ಥ್ರೋ ಗೆರೆ ಜಾಗ ಬದಲಾಗಿಲ್ಲವಲ್ಲ. ಎಂಡ್ ಲೈನ್‌ನಿಂದ 5.80 ಮೀಟರ್, ಆಗಲೂ ಈಗಲೂ. ಹಾಗಿದ್ದರೆ ಫ್ರೀ ಥ್ರೋ ಯಾಕೆ ಗಿಡ್ಡ ಬೀಳುತ್ತೆ?

ಸೀಟಿ ಮಾಮ

ಒಳ್ಳೇ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯಾರಾದರೂ ಟೇಪ್ ಹಿಡಿದು ಅಳೆಯಬೇಕು.

ಎನ್.ಆರ್. ಸರ್ಕಲ್ ಹುಡುಗ

ನಮ್ಮ ಮಾವನದು ಗಾರೆ ಕೆಲಸ. ಅವರ ಟೇಪ್ ತೆಗೆದುಕೊಂಡು ಸಂಜೆ ಹೋಗುತ್ತೇನೆ. ಗಾದೆ ಹೇಳಿದ ಪಾಪ ತೊಳೆದುಕೊಳ್ಳೋಣ.

ಅರಸೀಕೆರೆ ತೆಂಗು

ಮೇಲಿನ ಫೋಟೋದಲ್ಲಿ ಹಿಂದೆ ಕಾಣುವುದು ಕ್ಯಾಂಟೀನ್ ತಾನೇ? ಅಲ್ಲಿ ಈಗಲೂ ಅಕ್ಕಿರೊಟ್ಟಿ ಕಾಯಿ ಚಟ್ನಿ ಸಿಗುತ್ತಾ?

ಬೆಂಚಿನ ಹುಡುಗ

ರೊಟ್ಟಿ ಸಿಗುತ್ತೆ. ಚಟ್ನಿಯಲ್ಲಿ ಕಾಯಿ ಹುಡುಕಬೇಕು.

ಅರಸೀಕೆರೆ ತೆಂಗು

ನಮ್ಮೂರಿನಿಂದ ಲಾರಿಗಟ್ಟಲೆ ಹೋಗುತ್ತೆ ತೆಂಗಿನಕಾಯಿ. ಹಾಸನದವರಿಗೆ ಚಟ್ನಿಗೆ ಸಿಗಲ್ಲ ಅಂದರೆ ಹೇಗೆ?

ಹಳೇ ಜೆರ್ಸಿ 7

ವಿಷಯಕ್ಕೆ ಬನ್ನಿ ದಯವಿಟ್ಟು. ಬೆಂಚಿನ ಹುಡುಗ, ನಾನು ನಿನ್ನೆ ಸ್ವಲ್ಪ ಖಾರವಾಗಿಯೇ ಬರೆದೆ. ಅಭ್ಯಾಸ ಮಾಡಲ್ಲ ಅಂತ ನಾನು ಬರೆದಿಲ್ಲ, ಆದರೆ ಓದಿದರೆ ಹಾಗೇ ಅನ್ನಿಸುತ್ತೆ, ನಿಜ. ಆದರೂ ಕೇಳುತ್ತೇನೆ, ಆ ಡ್ರಿಬಲ್ ಯಾಕೆ ಅಷ್ಟು ಹೊತ್ತು?

ಬೆಂಚಿನ ಹುಡುಗ

ಅಭ್ಯಾಸಕ್ಕೆ ಹತ್ತು ಜನ ಒಟ್ಟಿಗೆ ಸೇರುವುದೇ ಇಲ್ಲ ಅಣ್ಣ. ಇಬ್ಬರಿಗೆ ಲ್ಯಾಬ್, ಒಬ್ಬನಿಗೆ ಅಟೆಂಡೆನ್ಸ್ ಶಾರ್ಟೇಜ್, ಇಬ್ಬರು ಹೊಳೆನರಸೀಪುರದಿಂದ ಓಡಾಡುವವರು, ಬೆಳಿಗ್ಗೆ ಆರಕ್ಕೆ ಬರಲು ಆಗಲ್ಲ. ಆರು ಜನ ಇದ್ದರೆ ಮೂರು ಮೂರು ಆಡುತ್ತೇವೆ, ಅರ್ಧ ಕೋರ್ಟ್‌ನಲ್ಲಿ. ಐದು ಜನ ಸೇರಿ ಓಡಿ, ಸ್ಕ್ರೀನ್ ಹಾಕಿ ಆಡುವುದು ನೇರವಾಗಿ ಪಂದ್ಯದ ದಿನವೇ. ಪಾಯಿಂಟ್ ಗಾರ್ಡ್‌ಗೆ ಯಾರು ಎಲ್ಲಿ ಓಡುತ್ತಾರೆ ಅಂತ ಗೊತ್ತಿರಲ್ಲ, ಹಾಗಾಗಿ ಕುಟ್ಟುತ್ತಾ ಕಾಯುತ್ತಾನೆ.

ರೈಡರ್

ನೋಡಿ, ಇದು ನಿಜವಾದ ಉತ್ತರ.

ಆರನೇ ಸೈಜ್

ಮೂರು ಮೂರು ಆಡುವಾಗಲೂ ಸ್ಕ್ರೀನ್ ಹಾಕಬಹುದು ತಮ್ಮ. ಡ್ರಿಬಲ್ ನಿಷೇಧ ಅಂತ ಆಡಿ ನೋಡಿ, ಬರೀ ಪಾಸ್. ಚೆಂಡು ಸಿಗಬೇಕಾದರೆ ಓಡಲೇಬೇಕು. ನಮಗಿದ್ದ ಅರ್ಧ ಗಂಟೆಯಲ್ಲಿ ನಾವು ಆಡುತ್ತಿದ್ದಿದ್ದು ಅದೊಂದೇ ಆಟ.

ಬೆಂಚಿನ ಹುಡುಗ

ನಾಳೆಯೇ ಆಡುತ್ತೇವೆ ಅಕ್ಕ.

ಎನ್.ಆರ್. ಸರ್ಕಲ್ ಹುಡುಗ

ಅಳೆದು ಬಂದೆ. ಮಾವನೂ ಬಂದರು, ಟೇಪ್ ಒಬ್ಬನ ಕೈಗೆ ಕೊಡಲ್ಲ ಅಂತ.

ಎಂಡ್ ಲೈನ್‌ನಿಂದ ಫ್ರೀ ಥ್ರೋ ಗೆರೆಗೆ 5.80. ಸರಿಯಾಗಿದೆ. ರಿಂಗ್ ಎತ್ತರ 3.05. ಅದೂ ಸರಿ. ಆದರೆ ಬೋರ್ಡ್‌ನ ಮುಖದಿಂದ ನೇರ ಕೆಳಗೆ ದಾರ ಬಿಟ್ಟು ಅಲ್ಲಿಂದ ಗೆರೆವರೆಗೆ ಅಳೆದರೆ 4.25 ಮೀಟರ್.

ಮಾವ ಕಂಬ ತಟ್ಟಿ ನೋಡಿ ಹೇಳಿದ್ದು: 'ಇದು ಹಳೇ ಕಂಬ ಅಲ್ಲ, ಆಮೇಲೆ ನೆಟ್ಟಿದ್ದು. ತೋಳು ಉದ್ದ ಇದೆ.'

ಸೀಟಿ ಮಾಮ

ಸಿಕ್ಕಿತು ನೋಡಿ. ಬೋರ್ಡ್ ಎಂಡ್ ಲೈನ್‌ನಿಂದ 1.20 ಮೀಟರ್ ಒಳಗಿರಬೇಕು. ಆಗ ಗೆರೆಗೆ 4.60 ಉಳಿಯುತ್ತದೆ. ಹಳೇ ಕಂಬ ತುಕ್ಕು ಹಿಡಿದಾಗ ಯಾರೋ ಉದ್ದ ತೋಳಿನ ಕಂಬ ನೆಟ್ಟಿದ್ದಾರೆ, ಬೋರ್ಡ್ 35 ಸೆಂಟಿಮೀಟರ್ ಮುಂದೆ ಬಂದಿದೆ. ಗೆರೆ ಮಾತ್ರ ಇದ್ದಲ್ಲೇ ಇದೆ.

ದಿನಾ 50, ವರ್ಷಗಟ್ಟಲೆ, 35 ಸೆಂಟಿಮೀಟರ್ ಹತ್ತಿರದಿಂದ. ಕೈಗೆ ಆ ದೂರವೇ ರೂಢಿಯಾಗಿದೆ. ಹೊರಗೆ ಹೋದರೆ ಮುಂದಿನ ರಿಮ್‌ಗೆ ಬಡಿಯದೆ ಇನ್ನೇನು?

ಗೆರೆ ಲೆಕ್ಕ

ತ್ರೀ ಪಾಯಿಂಟ್ ಲೆಕ್ಕ ಇನ್ನೂ ಚೆನ್ನಾಗಿದೆ. 6.25ರಲ್ಲಿ 35 ಸೆಂಟಿಮೀಟರ್ ಕಳೆದರೆ ನೇರ ಎದುರಿನಿಂದ 5.90. ಪಂದ್ಯದಲ್ಲಿ 6.75. ವ್ಯತ್ಯಾಸ 85 ಸೆಂಟಿಮೀಟರ್. ಈ ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ.

ಸಕಲೇಶಪುರ ಮಳೆ

ನೆಲ ಡೊಂಕು ಅಂದವಳು ಸರಿಯಾಗೇ ಹೇಳಿದ್ದಳು!

ಎನ್.ಆರ್. ಸರ್ಕಲ್ ಹುಡುಗ

ನೆಲ ಡೊಂಕಲ್ಲ ಗುರು. ಕಂಬ.

ಬೆಂಚಿನ ಹುಡುಗ

ಹಾಸ್ಟೆಲ್‌ನಲ್ಲಿ ಈಗ ಗಲಾಟೆ. ನಮ್ಮ ಸೆಂಟರ್ 'ನಾನು ಅವತ್ತೇ ಹೇಳಿದ್ದೆ' ಅನ್ನುತ್ತಿದ್ದಾನೆ. ಯಾವತ್ತೂ ಹೇಳಿರಲಿಲ್ಲ.

ಹಳೇ ಜೆರ್ಸಿ 7

ನಾನು ಆಡುವಾಗ ಹಳೇ ಕಂಬ ಇತ್ತು. ತುಕ್ಕು ಹಿಡಿದು ಅಲ್ಲಾಡುತ್ತಿತ್ತು, ಶಾಟ್ ಹೊಡೆದರೆ ಬೋರ್ಡ್ ಗಡಗಡ ಅನ್ನುತ್ತಿತ್ತು. ಹೊಸ ಕಂಬ ಬಂದಾಗ ಹಳೇ ವಿದ್ಯಾರ್ಥಿಗಳೆಲ್ಲಾ ಖುಷಿಪಟ್ಟು ದುಡ್ಡು ಕೂಡಿಸಿದ್ದೆವು. ನಾನೂ ಕೊಟ್ಟಿದ್ದೆ. ಅಳೆಯಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಹದಿಮೂರರಲ್ಲಿ ಒಂದೆರಡು ನನ್ನ ಲೆಕ್ಕಕ್ಕೂ ಬರೆದುಕೊಳ್ಳಿ.

ಆದರೆ ಒಂದು ಮಾತು ಹಿಂದೆ ತೆಗೆದುಕೊಳ್ಳಲ್ಲ. ಬಾಕ್ಸ್ ಔಟ್ ಮಾಡಲು ಯಾವ ಗೆರೆಯೂ ಬೇಕಿಲ್ಲ, ಯಾವ ಕಂಬವೂ ಬೇಕಿಲ್ಲ.

ಬೆಂಚಿನ ಹುಡುಗ

ಸೆಂಟರ್‌ಗೆ ಓದಿ ಹೇಳಿದೆ. 'ಅಣ್ಣನ್ನ ಕೋರ್ಟ್‌ಗೆ ಬರೋಕೆ ಹೇಳು, ನನ್ನ ಬೆನ್ನು ದಾಟಿ ಒಂದು ರಿಬೌಂಡ್ ಹಿಡೀಲಿ' ಅಂದ.

ಹಳೇ ಜೆರ್ಸಿ 7

ಭಾನುವಾರ ಬರುತ್ತೇನೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು.

ಆರನೇ ಸೈಜ್

ಬರುವವರೆಲ್ಲಾ ಬರೀ ಬೊಬ್ಬೆ ಹೊಡೆಯಲು ಬರಬೇಡಿ. ಹಳೇ ಗೆರೆ ಕೆರೆದು ಹೊಸದು ಎಳೆಯೋಣ. ಪೇಂಟ್‌ಗೆ ನಾನು ಕೊಡುತ್ತೇನೆ. ಒಂದು ಷರತ್ತು, ಹುಡುಗಿಯರ ತಂಡಕ್ಕೆ ವಾರದಲ್ಲಿ ಮೂರು ದಿನ ಬೆಳಗಿನ ಹೊತ್ತು ಬಿಡಬೇಕು. ಮತ್ತೆ 6ನೇ ಸೈಜಿನ ಚೆಂಡು ಎರಡು.

ರೈಡರ್

ಪೇಂಟ್ ಈಗ ಬೇಡ, ಪಾಚಿ ಮೇಲೆ ನಿಲ್ಲಲ್ಲ. ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಒಣಗಲು ಬಿಡಿ. ನಮ್ಮ ಕಬಡ್ಡಿ ಹುಡುಗರನ್ನು ನಾಲ್ಕು ಜನ ಕರೆತರುತ್ತೇನೆ. ಬಾಳೆಹಣ್ಣು ಸಾಲಲ್ಲ, ಹೇಳಿದ್ದೇನೆ.

ಅರಸೀಕೆರೆ ತೆಂಗು

ತೆಂಗಿನ ನಾರಿನ ಬ್ರಷ್ ನನ್ನದು. ಚಟ್ನಿಗೆ ಕಾಯಿಯೂ ತರುತ್ತೇನೆ.

ಸೀಟಿ ಮಾಮ

ಕಂಬ ಕಿತ್ತು ಹಿಂದೆ ನೆಡುವುದು ಕಾಲೇಜು ಒಪ್ಪಬೇಕಾದ ಕೆಲಸ, ಅರ್ಜಿ ಕೊಡಿ. ಸದ್ಯಕ್ಕೆ ಗೆರೆ ಎಳೆಯುವಾಗ ಎಂಡ್ ಲೈನ್‌ನಿಂದ ಅಳೆಯಬೇಡಿ. ಬೋರ್ಡ್ ಮುಖದಿಂದ ದಾರ ಬಿಟ್ಟು 4.60. ಆ ಅಳತೆ ಗೆರೆಯ ಹೊರ ಅಂಚಿಗೆ, ಗೆರೆಯ ದಪ್ಪ 5 ಸೆಂಟಿಮೀಟರ್ ಒಳಗೆ ಬರಬೇಕು. ಇದನ್ನು ತಪ್ಪಿಸಿದರೆ ಮತ್ತೆ ಈ ಚರ್ಚೆ ಮೊದಲಿನಿಂದ ಶುರುವಾಗುತ್ತದೆ.

ಕಾಫಿ ಕಣ

ಚಿಕ್ಕಮಗಳೂರಿನಿಂದ ಬೆಳಿಗ್ಗೆ ಮೊದಲ ಬಸ್ ಹಿಡಿದರೆ ಎಂಟರೊಳಗೆ ಬರಬಹುದು. ಬಕೆಟ್ ಬಳೆ ತರಲಾ?

ಬೆಂಚಿನ ಹುಡುಗ

ತನ್ನಿ ಅಣ್ಣ. ಬಕೆಟ್ ಸಮೇತ ತಂದರೆ ನೀರು ಹೊರಲು ಆಗುತ್ತೆ, ಇಲ್ಲಿ ನಲ್ಲಿ ದೂರ ಇದೆ.